ಬಿ.ಎಂ.ಶ್ರೀ. ಮತ್ತು ಗ್ರೀಕರ ದೇವತೆಗಳು

ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಹೆಸರು ‘ಇಂಗ್ಲಿಷ್ ಗೀತೆಗಳು’ ಸಂಕಲನದೊಡನೆ ಗಾಢವಾಗಿ ಬೆಸೆದುಕೊಂಡಿದೆ. ಇದರ ಪರಿಣಾಮವಾಗಿ ಅವರ ನಾಟಕಗಳು ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಿಗೆ ಸೀಮಿತಗೊಂಡಿವೆ. ಗ್ರೀಕ್ ನಾಟಕದ ಪ್ರಭಾವವೆಂಬ ಸಿದ್ಧ ಮಾತಿನಲ್ಲಿ ಆ ಪ್ರಸ್ತಾಪ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದರೆ ಗ್ರೀಕರ ನಾಟಕವನ್ನು ತರುವುದೆಂದರೆ ಗ್ರೀಕರ ದೇವತೆಗಳನ್ನೂ ತರುವುದೆಂದೇ ಅರ್ಥ. ಆ ದೇವತೆಗಳನ್ನು ಏನು ಮಾಡಬೇಕು, ಹೇಗೆ ಅರ್ಥೈಸಬೇಕು ಎಂಬ ಪ್ರಶ್ನೆಯನ್ನು ಶ್ರೀಯವರು ತಮ್ಮ ಬರವಣಿಗೆಯಲ್ಲಿ ಎದುರಿಸಿದ ಬಗೆಯನ್ನು ಅವರ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಮನೆತನದ ಊರು ನಾಗಮಂಗಲ ಸೀಮೆಯ ಬೆಳ್ಳೂರು. ತಂದೆ ವಕೀಲರು; ಬಾಲ್ಯ ಶ್ರೀರಂಗಪಟ್ಟಣದಲ್ಲಿ ಕಳೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದರಾಸಿನಲ್ಲಿ ಕಾನೂನು ಮತ್ತು ಎಂ.ಎ. ಮುಗಿಸಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಉಪನ್ಯಾಸ ಪ್ರಸಿದ್ಧವಾದದ್ದು. ಈ ಸಂಗತಿಗಳೆಲ್ಲ ಓದುಗರಿಗೆ ತಿಳಿದವೇ ಆಗಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಗಮನಿಸಬೇಕಾದದ್ದು ಅಂದಿನ ವೈಚಾರಿಕ ವಾತಾವರಣವನ್ನು. ಪುರಾಣವನ್ನು ಬಿಡಿಸಿ ನೋಡುವ ಕೆಲಸವನ್ನು ಗ್ರೀಕರು ತಾವೇ ಬಹು ಹಿಂದೆ ಆರಂಭಿಸಿದ್ದರು. ಕ್ರಿ.ಪೂ. ಆರನೆಯ ಶತಮಾನದ ಕ್ಸೆನೊಫನೀಸ್ ಪ್ರತಿಯೊಂದು ಜನಾಂಗವೂ ತನ್ನ ಮುಖಲಕ್ಷಣಗಳನ್ನೇ ತನ್ನ ದೇವರಿಗೆ ಕೊಡುತ್ತದೆಂದು ತೋರಿಸಿದ್ದ. ಅದೇ ಶತಮಾನದ ಥಿಯಾಜನೀಸ್ ಹೋಮರನ ದೇವತೆಗಳ ಕಾದಾಟವನ್ನು ಪಂಚಭೂತಗಳ ಸಂಘರ್ಷದ ರೂಪಕವೆಂದು ವಿವರಿಸಿ ಆ ಕವಿಯ ಮಾನ ಉಳಿಸಲು ಯತ್ನಿಸಿದ. ಯೂಹೆಮರಸ್ ಎಂಬಾತನ ದೃಷ್ಟಿಯಲ್ಲಿ ದೇವತೆಗಳು ಒಂದು ಕಾಲದ ಅರಸರು. ಪ್ಲೇಟೋ ತನ್ನ ಆದರ್ಶ ರಾಜ್ಯದಲ್ಲಿ ಇಂಥ ಕಥೆಗಳಿಗೆ ಅವಕಾಶವನ್ನೇ ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್ ಮುಲ್ಲರ್ ಗ್ರೀಕ್ ಮತ್ತು ವೈದಿಕ ದೇವತೆಗಳೆರಡನ್ನೂ ಸೂರ್ಯೋದಯ ಸೂರ್ಯಾಸ್ತಗಳ ಭಾಷೆಗೆ ಇಳಿಸಿದರು. ಜ್ಯೂಸನಲ್ಲಿ ದ್ಯೌಃ, ಈಯಾಸಳಲ್ಲಿ ಉಷಸ್ಸು ಕಾಣಿಸಿಕೊಂಡವು. ಈ ಗಾಳಿ ಮೈಸೂರು ಸಂಸ್ಥಾನಕ್ಕೂ ಬೀಸಿತ್ತು. ಕೈಲಾಸಂ ಅವರ ತಂದೆ, ನ್ಯಾಯಾಧೀಶರಾಗಿದ್ದ ಟಿ. ಪರಮಶಿವ ಅಯ್ಯರ್ 1911ರಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಋಗ್ವೇದದ ದೇವತೆಗಳನ್ನು ಭೂವಿಜ್ಞಾನದ ಬೆಳಕಿನಲ್ಲಿ ವಿವರಿಸಿದರು. ಆ ವಿವರಣೆಯನ್ನು ಇಂದು ಒಪ್ಪುವವರು ವಿರಳ. ಆದರೆ ಪುರಾಣಕ್ಕೆ ಅದರಾಚೆಯ ಯಾವುದೋ ಒಂದು ಕೀಲಿಕೈ ಇದೆಯೆಂಬ ನಂಬಿಕೆ ಆ ಕಾಲದ ವಿದ್ಯಾವಂತರಲ್ಲಿ ಎಷ್ಟು ಬಲವಾಗಿತ್ತೆಂಬುದಕ್ಕೆ ಅದು ಸಾಕ್ಷಿ.

ಶ್ರೀಯವರು ಇಂಥ ಕೀಲಿಕೈಯನ್ನು ಹುಡುಕಲಿಲ್ಲ. ಒಂದು ಪುರಾಣದ ಅರ್ಥವನ್ನು ಅವರು ಮತ್ತೊಂದು ಪುರಾಣದ ಮೂಲಕ ಶೋಧಿಸಿದರು. 1926ರಲ್ಲಿ ಬಂದ ‘ಗದಾಯುದ್ಧ ನಾಟಕಂ’ ಇದರ ಮೊದಲ ಹೆಜ್ಜೆ. ಅಲ್ಲಿ ಗ್ರೀಕ್ ಕಥೆಯಿಲ್ಲ; ರನ್ನನ ಚಂಪೂಕಾವ್ಯವೇ ನಾಟಕವಾಗಿ ಮರುಜೋಡಣೆಗೊಂಡಿದೆ. ಆದರೆ ದುರ್ಯೋಧನನನ್ನು ನೋಡುವ ಕಣ್ಣು ಅಥೆನ್ಸಿನ ರಂಗಸ್ಥಳದಲ್ಲಿ ಪಳಗಿದ್ದು. ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯ ಬರೆದವನು. ಆದರೂ ಅವನ ಶಕ್ತಿಯೆಲ್ಲ ಸೋಲುವವನ ಕಡೆಗೆ ವಾಲಿದೆಯೆಂಬುದನ್ನು ಕನ್ನಡದ ಓದುಗರಿಗೆ ಮನಗಾಣಿಸಿದ್ದು ಈ ನಾಟಕ. ರನ್ನನ ದುರ್ಯೋಧನನನ್ನು ದುರಂತ ನಾಯಕನೆಂದು ನಾವಿಂದು ಸಹಜವಾಗಿ ಕರೆಯುತ್ತೇವೆ. ಆ ಸಹಜತೆಯ ಹಿಂದೆ ಶ್ರೀಯವರ ಓದಿನ ಪಾಲು ದೊಡ್ಡದು.

ಎರಡನೆಯ ಹೆಜ್ಜೆ 1929ರ ‘ಅಶ್ವತ್ಥಾಮನ್’. ವಿಶ್ವವಿದ್ಯಾನಿಲಯದ ಕುಲಸಚಿವರಾಗಿ ಆಡಳಿತದ ಹೊರೆ ಹೊತ್ತಿದ್ದ ವರ್ಷಗಳವು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗುವುದರಲ್ಲಿ ಅವರ ಶ್ರಮವಿತ್ತು, ಕುವೆಂಪು, ತೀ.ನಂ.ಶ್ರೀ., ಡಿ.ಎಲ್.ಎನ್. ಮೊದಲ ತಂಡದ ವಿದ್ಯಾರ್ಥಿಗಳು. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಇಷ್ಟರ ನಡುವೆ ಸಾಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಅವರು ಮಹಾಭಾರತದ ನೆಲಕ್ಕೆ ಕಸಿ ಮಾಡಿದರು.

ಮೂಲದ ಕಥೆ ಹೀಗಿದೆ. ಅಕಿಲೀಸನ ಮರಣಾನಂತರ ಅವನ ಆಯುಧಗಳು ತನಗೆ ಸಲ್ಲಬೇಕೆಂದು ನಂಬಿದ್ದವನು ಏಜಾಕ್ಸ್. ಅವು ಒಡಿಸ್ಯೂಸನಿಗೆ ಹೋಗುತ್ತವೆ. ಅವಮಾನಿತನಾದ ಏಜಾಕ್ಸ್ ರಾತ್ರಿ ಗ್ರೀಕ್ ನಾಯಕರನ್ನು ಕೊಲ್ಲಹೊರಟಾಗ ಅಥೀನಾ ದೇವಿ ಅವನ ಬುದ್ಧಿಗೆ ಭ್ರಮೆ ಕವಿಸುತ್ತಾಳೆ. ಅವನು ದನಕುರಿಗಳನ್ನು ಕೊಚ್ಚಿಹಾಕಿ ಶತ್ರುಗಳನ್ನು ಕೊಂದೆನೆಂದು ಬೀಗುತ್ತಾನೆ. ಅಥೀನಾ ಒಡಿಸ್ಯೂಸನನ್ನು ಕರೆದು ಹಗೆಯ ಈ ಹುಚ್ಚನ್ನು ನೋಡಿ ನಗೆಂದು ಆಹ್ವಾನಿಸುತ್ತಾಳೆ. ಒಡಿಸ್ಯೂಸ್ ನಗುವುದಿಲ್ಲ, ಮನುಷ್ಯರ ಬಾಳೇ ಇಷ್ಟೆಂದು ಮರುಗುತ್ತಾನೆ. ದೇವತೆಗಿಂತ ಮನುಷ್ಯ ಹೆಚ್ಚು ಕರುಣಾಳುವಾಗುವ ಈ ಗಳಿಗೆ ಗ್ರೀಕ್ ಸಾಹಿತ್ಯದ ಅತ್ಯಂತ ಕಠಿಣ ಗಳಿಗೆಗಳಲ್ಲೊಂದೆಂದು ನನ್ನ ಭಾವನೆ. ಬುದ್ಧಿ ತಿಳಿದ ಏಜಾಕ್ಸ್ ನಾಚಿಕೆಯಿಂದ ಹೆಕ್ಟರನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಉಳಿದ ಅರ್ಧ ನಾಟಕ ಅವನ ಹೆಣಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ಜಗಳ.

ಈ ಅಥೀನೆಗೆ ಸಮನಾದ ದೈವವನ್ನು ಕನ್ನಡದಲ್ಲಿ ಎಲ್ಲಿ ಹುಡುಕುವುದು? ಯುರೋಪಿನ ಕವಿಗಳಿಗೆ ಅಥೀನಾ ಕೇವಲ ಸಾಹಿತ್ಯದ ಅಲಂಕಾರವಾಗಿ ಉಳಿದಿದ್ದಳು. ಅವಳಿಗೆ ದೀಪ ಹಚ್ಚುವವರು ಬಹು ಹಿಂದೆಯೇ ಇಲ್ಲವಾಗಿದ್ದರು. ಹಾಗಾಗಿ ಅವಳನ್ನು ವಿವೇಕವೆಂದೋ ಮಿಂಚೆಂದೋ ವ್ಯಾಖ್ಯಾನಿಸುವುದು ಯಾರನ್ನೂ ನೋಯಿಸುತ್ತಿರಲಿಲ್ಲ. ಶ್ರೀಯವರ ಓದುಗರ ಸ್ಥಿತಿ ಬೇರೆ. 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳ ಅಧ್ಯಾಪಕರೂ ವಕೀಲರೂ ಗುಮಾಸ್ತರೂ ಹೊಸ ಕನ್ನಡ ಪುಸ್ತಕಗಳನ್ನು ಕೊಳ್ಳುವ ವರ್ಗದವರು. ಇಂಗ್ಲಿಷ್ ಕಾವ್ಯ ಓದುವ ಈ ಮನೆಗಳಲ್ಲಿ ಸಂಜೆ ದೀಪ ಹಚ್ಚುತ್ತಿದ್ದುದು ಕೃಷ್ಣನಿಗೆ, ಶಿವನಿಗೆ. ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ಕಾಡುಮಲ್ಲೇಶ್ವರನ ಗುಡಿಗೆ ಶಿವಾಜಿಯ ತಮ್ಮ ವೆಂಕೋಜಿ ಗ್ರಾಮವೊಂದನ್ನು ದತ್ತಿ ಬಿಟ್ಟ 1669ರ ಶಾಸನವಿದೆ. ಅಂದಿನಿಂದ ಇಂದಿನವರೆಗೂ ಅಲ್ಲಿ ಪೂಜೆ ನಡೆದುಬಂದಿದೆ. ಹೀಗೆ ಬದುಕಿರುವ ದೇವರನ್ನು ಗ್ರೀಕ್ ರುದ್ರನಾಟಕದ ಅಚ್ಚಿಗೆ ಸುರಿಯುವುದು ಅಪಾಯದ ಕೆಲಸ. ಯುರೋಪಿನ ಯಾವ ಅನುವಾದಕನೂ ಈ ಅಪಾಯವನ್ನು ಎದುರಿಸಿರಲಿಲ್ಲ.

ಅದಕ್ಕೆ ಬೇಕಾದ ಎಡೆ ಮಹಾಭಾರತದಲ್ಲೇ ಇತ್ತು. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಆಲದ ಮರದ ಕೆಳಗೆ ಕುಳಿತು, ಮಲಗಿದ ಕಾಗೆಗಳನ್ನು ಗೂಬೆಯೊಂದು ಕೊಲ್ಲುವುದನ್ನು ಕಾಣುತ್ತಾನೆ. ಪಾಂಡವರ ಪಾಳೆಯದ ಬಾಗಿಲಲ್ಲಿ ಅವನನ್ನು ಘೋರರೂಪವೊಂದು ತಡೆಯುತ್ತದೆ. ತನ್ನನ್ನೇ ಆಹುತಿಯಾಗಿ ಅರ್ಪಿಸಿಕೊಂಡ ಅವನಿಗೆ ಮಹಾದೇವ ಖಡ್ಗ ಕೊಟ್ಟು ಅವನ ಮೈಯನ್ನೇ ಹೊಗುತ್ತಾನೆ. ಆಮೇಲೆ ನಡೆಯುವುದು ಧೃಷ್ಟದ್ಯುಮ್ನನ, ದ್ರೌಪದಿಯ ಐವರು ಮಕ್ಕಳ, ಮಲಗಿದ್ದವರೆಲ್ಲರ ಹತ್ಯೆ. ಅಥೀನಾ ಹೊರಗೆ ನಿಂತು ಏಜಾಕ್ಸನ ಕಣ್ಣಿಗೆ ಮಸುಕು ಕವಿಸಿದಳು. ರುದ್ರ ಅಶ್ವತ್ಥಾಮನ ಒಳಗೇ ಇಳಿದ. ಮೇಲ್ನೋಟಕ್ಕೆ ಹೋಲುವ ಈ ಎರಡು ರಾತ್ರಿಗಳ ನಡುವಿನ ಅಂತರ ಇದು. ರುದ್ರನಾಟಕವೆಂಬ ಪದ ಕನ್ನಡದಲ್ಲಿ ಬೇರೂರಿದ್ದು ಆಕಸ್ಮಿಕವಿರಲಾರದು.

ಶ್ರೀಯವರ ಪಾತ್ರಯೋಜನೆಯ ಸೂಕ್ಷ್ಮ ಹೆಚ್ಚು ಸ್ಪಷ್ಟವಾಗುವುದು ಏಕಲವ್ಯನಲ್ಲಿ. ಗ್ರೀಕ್ ಮೂಲದಲ್ಲಿ ಏಜಾಕ್ಸನ ಹೆಣಕ್ಕಾಗಿ ಹೋರಾಡುವವನು ಅವನ ಮಲಸೋದರ ಟ್ಯೂಸರ್. ಅವನು ಸೆರೆಯಾಳು ತಾಯಿಯ ಮಗ. ಬಿಲ್ಲುಗಾರನೆಂದು ಒಬ್ಬ ದೊರೆ, ಪರದೇಶದವಳ ಮಗನೆಂದು ಇನ್ನೊಬ್ಬ ದೊರೆ ಅವನನ್ನು ಹೀಯಾಳಿಸುತ್ತಾರೆ. ಮಹಾಭಾರತದಲ್ಲಿ ಕುಲದ ಅವಮಾನ ಮತ್ತು ಬಿಲ್ವಿದ್ಯೆ ಎರಡೂ ಒಂದೆಡೆ ಕೂಡಿದ ಪಾತ್ರ ಏಕಲವ್ಯನದು. ಅದನ್ನು ಶ್ರೀಯವರು ತಪ್ಪದೆ ಗುರುತಿಸಿದರು. ಆದರೆ ಏಕಲವ್ಯನ ಬೆರಳನ್ನು ಕೇಳಿದವನು ಅಶ್ವತ್ಥಾಮನ ತಂದೆ. ಬೆರಳು ಕಳೆದುಕೊಂಡವನೇ ಬೆರಳು ಕೇಳಿದವನ ಮಗನಿಗಾಗಿ ನಿಲ್ಲುವುದೆಂದರೆ ಟ್ಯೂಸರನಲ್ಲಿ ಇಲ್ಲದ ಒಂದು ಭಾರ ಆ ಪಾತ್ರಕ್ಕೆ ಬಂತು. ಇಲ್ಲಿ ಗ್ರೀಕ್ ಪುರಾಣ ನಮ್ಮ ಪುರಾಣವನ್ನು ತಿದ್ದಲಿಲ್ಲ. ನಾವು ನೋಡದೆ ಬಿಟ್ಟಿದ್ದ ಮೂಲೆಯೊಂದಕ್ಕೆ ಬೆಳಕು ಬಿಟ್ಟಿತು. ಕೈಲಾಸಂ ಕೂಡ ತಮ್ಮ ಇಂಗ್ಲಿಷ್ ನಾಟಕಗಳಲ್ಲಿ ಏಕಲವ್ಯನ ಕಡೆಗೇ ಹೋದರೆಂಬುದು ಆ ತಲೆಮಾರಿನ ಅಂತಸ್ಸಾಕ್ಷಿಯ ಬಗ್ಗೆ ಏನನ್ನೋ ಹೇಳುತ್ತದೆ. ಟೆಕ್ಮೆಸ್ಸಳ ಜಾಗದಲ್ಲಿ ಬಂದ ಭಾರ್ಗವಿಯ ಕುರಿತು ಪ್ರತ್ಯೇಕ ಅಧ್ಯಯನವೇ ಆಗಬೇಕಾಗಿದೆ.

ವಿವಾದವೆದ್ದದ್ದು ನಾಯಕನ ಸಾವಿನ ಬಗ್ಗೆ. ಅಶ್ವತ್ಥಾಮ ಸಪ್ತ ಚಿರಂಜೀವಿಗಳಲ್ಲೊಬ್ಬ. ಉತ್ತರೆಯ ಗರ್ಭದ ಮೇಲೆ ಅಸ್ತ್ರವೆಸೆದ ಪಾಪಕ್ಕಾಗಿ ಅವನು ಹಣೆಯ ಮಣಿ ಕಳೆದುಕೊಂಡು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವಂತೆ ಕೃಷ್ಣ ಶಪಿಸುತ್ತಾನೆ. ಅಂಥವನನ್ನು ಶ್ರೀಯವರು ಏಜಾಕ್ಸನಂತೆ ತನ್ನ ಕೈಯಾರೆ ಸಾಯಿಸಿದರು. ಪುರಾಣದ ಚೌಕಟ್ಟು ಮುರಿಯಿತೆಂಬ ಆಕ್ಷೇಪ ಅಂದಿನಿಂದಲೂ ಇದೆ. ಸಂಪ್ರದಾಯಕ್ಕೆ ಭಂಗ ಬಂತೆಂಬ ನೆಲೆಯಿಂದ ಬಂದ ಆಕ್ಷೇಪಕ್ಕೆ ಉತ್ತರ ಸುಲಭ: ಪಂಪ, ರನ್ನ, ಕುಮಾರವ್ಯಾಸರಲ್ಲಿ ಯಾರೂ ವ್ಯಾಸರ ಕಥೆಯನ್ನು ಇದ್ದಂತೆ ಬಿಟ್ಟವರಲ್ಲ. ಇದಕ್ಕಿಂತ ಆಳವಾದ ತೊಡಕು ಬೇರೆಯಿದೆ. ಏಜಾಕ್ಸನನ್ನು ಕೊಲ್ಲುವುದು ನಾಚಿಕೆ. ಅವನ ಕೈಯಲ್ಲಿ ಸತ್ತದ್ದು ಬಹುಮಟ್ಟಿಗೆ ಪ್ರಾಣಿಗಳು. ಹಾಗಾಗಿ ಸಾವು ಅವನ ಮಾನವನ್ನು ಮರಳಿಸಬಲ್ಲುದು. ವ್ಯಾಸರ ಅಶ್ವತ್ಥಾಮನಿಗಿರುವುದು ಪಾಪದ ಭಾರ. ಮಲಗಿದ ಮಕ್ಕಳ ಕೊಲೆಗೆ ಕತ್ತಿಯ ಮೇಲೆ ಬೀಳುವುದು ತಕ್ಕ ಪ್ರಾಯಶ್ಚಿತ್ತವಲ್ಲವೆಂದೇ ಮಹಾಭಾರತ ಅವನಿಗೆ ಸಾವನ್ನು ನಿರಾಕರಿಸಿತು. ಅಲ್ಲಿ ಚಿರಂಜೀವಿತ್ವ ವರವಲ್ಲ, ದಂಡನೆ. ಆ ದಂಡನೆಯನ್ನು ತೆಗೆದು ವೀರಮರಣ ಕೊಟ್ಟಾಗ ಕಥೆಯ ಅತ್ಯಂತ ಭಯಾನಕ ಅಂಶವೊಂದು ಕೈಜಾರಿತೆಂಬುದನ್ನು ಒಪ್ಪಲೇಬೇಕು.

ಆದರೂ ಒಂದು ಸಂಗತಿ ಶ್ರೀಯವರ ಪರವಾಗಿದೆ. ಸಾಫೋಕ್ಲೀಸನ ಪ್ರೇಕ್ಷಕರ ಪಾಲಿಗೆ ಏಜಾಕ್ಸ್ ಸತ್ತು ಮುಗಿದವನಾಗಿರಲಿಲ್ಲ. ಅಥೆನ್ಸಿನ ಹತ್ತು ಪಂಗಡಗಳಲ್ಲಿ ಒಂದಕ್ಕೆ ಅವನದೇ ಹೆಸರು. ಅವನಿಗೆ ಪೂಜೆ ಸಲ್ಲುತ್ತಿತ್ತು. ಹೆಣದ ಸಂಸ್ಕಾರದ ಜಗಳ ಅಷ್ಟು ದೀರ್ಘವಾಗಿರುವುದಕ್ಕೆ ಕಾರಣ ಇದೇ: ಆ ಸಮಾಧಿಯಿಂದ ಅವನು ವೀರದೈವವಾಗಿ ಏಳಬೇಕು. ನಮ್ಮ ಊರೂರಿನ ವೀರಗಲ್ಲುಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಹಾಗೆ ನೋಡಿದರೆ ಗ್ರೀಕರ ಏಜಾಕ್ಸ್ ಸತ್ತು ಉಳಿದವನು, ನಮ್ಮ ಅಶ್ವತ್ಥಾಮ ಸಾಯಲಾರದೆ ಉಳಿದವನು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಸಾಧ್ಯವಾದದ್ದು ಈ ನಾಟಕದಿಂದ.

1930ರ ದಶಕದಲ್ಲಿ ಶ್ರೀಯವರು ತಾವು ಓದಿದ ಸೆಂಟ್ರಲ್ ಕಾಲೇಜಿಗೇ ಪ್ರಾಧ್ಯಾಪಕರಾಗಿ ಬಂದರು. ಬೆಂಗಳೂರಿನ ಈ ಅವಧಿಯಲ್ಲಿ, 1935ರಲ್ಲಿ, ಈಸ್ಕಿಲಸನ ನಾಟಕ ‘ಪಾರಸಿಕರು’ ಎಂಬ ಹೆಸರಿನಲ್ಲಿ ಹೊರಬಂತು. ಇಲ್ಲಿ ಅವರು ದೇಶೀಕರಣದ ದಾರಿ ಬಿಟ್ಟು ಅನುವಾದದ ದಾರಿ ಹಿಡಿದರು. ಕಾರಣವನ್ನು ಊಹಿಸಬಹುದು. ಉಳಿದುಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಪುರಾಣವನ್ನು ಬಿಟ್ಟು ಸಮಕಾಲೀನ ಚರಿತ್ರೆಯನ್ನು ವಸ್ತುವಾಗಿ ಉಳ್ಳದ್ದು ಇದೊಂದೇ, ಕ್ರಿ.ಪೂ. 480ರ ಸಲಾಮಿಸ್ ಕದನ, ಕ್ರಿ.ಪೂ. 472ರ ಪ್ರದರ್ಶನ. ಪುರಾಣವಿಲ್ಲದ ಕಡೆ ಪ್ರತಿಪುರಾಣವನ್ನು ಹುಡುಕುವ ಅಗತ್ಯವೂ ಇಲ್ಲ. ಆದರೆ ದೇವತೆಗಳು ಅಲ್ಲಿಂದಲೂ ಹೋಗಿಲ್ಲ. ಸಮುದ್ರಕ್ಕೆ ಸಂಕೋಲೆ ತೊಡಿಸಲು ಹೊರಟ ಜರ್ಕ್ಸಿಸನ ಸೊಕ್ಕಿಗೆ ದೈವದ ಶಿಕ್ಷೆ ಇದೆಂದು ದಾರಯವಹುವಿನ ಪ್ರೇತ ಎದ್ದುಬಂದು ಹೇಳುತ್ತದೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿ ಬರುವುದಿಲ್ಲ. ಇಡೀ ಕೃತಿ ಸೋತವರ ಅರಮನೆಯ ಗೋಳು. ಸಾಮ್ರಾಜ್ಯವೊಂದರ ಅಧೀನದಲ್ಲಿದ್ದ ನಾಡಿನಲ್ಲಿ, ಮತ್ತೊಂದು ಸಾಮ್ರಾಜ್ಯದ ಕುಸಿತವನ್ನು ಕರುಣೆಯಿಂದ ಕಾಣುವ ಈ ನಾಟಕವನ್ನು ಆಯ್ದುಕೊಂಡದ್ದು ಸುಮ್ಮನೆ ಕಡೆಗಣಿಸುವ ಸಂಗತಿಯಲ್ಲ.

ಶ್ರೀಯವರ ಎರಡು ಗ್ರೀಕ್ ಆಯ್ಕೆಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ತೋರಬಹುದು. ಏಜಾಕ್ಸ್ ಸಲಾಮಿಸ್ ದ್ವೀಪದವನು. ಕದನದ ಮುನ್ನ ಗ್ರೀಕರು ಎಲ್ಲ ದೇವತೆಗಳನ್ನು ಪ್ರಾರ್ಥಿಸಿ, ಏಜಾಕ್ಸನನ್ನೂ ಅವನ ತಂದೆ ಟೆಲಮಾನನನ್ನೂ ನೆರವಿಗೆ ಕರೆದರೆಂದು ಹೆರೊಡೋಟಸ್ ದಾಖಲಿಸುತ್ತಾನೆ. ‘ಅಶ್ವತ್ಥಾಮನ್’ ಮೂಲದಲ್ಲಿ ಅವಮಾನದಿಂದ ಸತ್ತವನೇ ‘ಪಾರಸಿಕರು’ ಹೇಳುವ ಯುದ್ಧದಲ್ಲಿ ಆವಾಹನೆಗೊಂಡ ದೈವ. ಈ ಎರಡು ಕೃತಿಗಳನ್ನು ಒಟ್ಟಿಗೆ ಓದುವ ಪರಿಪಾಠ ನಮ್ಮ ವಿಮರ್ಶೆಯಲ್ಲಿ ಬೆಳೆಯಲಿಲ್ಲ.

1938ರಲ್ಲಿ ಶ್ರೀಯವರಿಗೆ ‘ರಾಜಸೇವಾಸಕ್ತ’ ಬಿರುದು ಬಂತು. ಅದೇ ವರ್ಷದಿಂದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆ, ಕನ್ನಡ ಪರೀಕ್ಷೆಗಳು ಮೊದಲಾದ ಕೆಲಸಗಳಲ್ಲಿ ತೊಡಗಿದರು. ಈ ವರ್ಷಗಳಲ್ಲಿ ಗ್ರೀಕ್ ನಾಟಕದ ಕಡೆಗೆ ಅವರು ಮರಳಲಿಲ್ಲ. ಸಂಘಟನೆ ಅವರ ಸಮಯವನ್ನು ನುಂಗಿತು. ‘ಹೊಂಗನಸುಗಳು’ 1943ರಲ್ಲಿ ಪ್ರಕಟವಾಯಿತು. ನಂತರ ಧಾರವಾಡದ ಕರ್ನಾಟಕ ಶಿಕ್ಷಣ ಮಂಡಲಿಯ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಮೂವತ್ತೈದು ವರ್ಷಗಳ ಹಿಂದೆ ಕನ್ನಡದ ಏಳಿಗೆಯ ಬಗ್ಗೆ ಮಾತಾಡಿದ್ದ ಅದೇ ಊರಿನಲ್ಲಿ, ಅರವತ್ತೆರಡು ತುಂಬಿದ ಎರಡು ದಿನಕ್ಕೆ, 1946ರ ಜನವರಿ 5ರಂದು ಅವರು ತೀರಿಕೊಂಡರು.