ಆಟೋ ಹಿಂದಿನ ಫೋಟೋದಲ್ಲಿರೋ ಶಂಕರಣ್ಣ

ನಮ್ಮ ಕಾಲೇಜ್ ಗೇಟ್ ಹತ್ರ ನಿಲ್ಲೋ ಆಟೋಗಳ ಹಿಂದೆ ಶಂಕರ್ ನಾಗ್ ಫೋಟೋ ಇರೋದನ್ನ ನೀವೂ ನೋಡಿರ್ತೀರ. ಅವರು ತೀರಿಕೊಂಡಾಗ ನಾವ್ಯಾರೂ ಹುಟ್ಟೇ ಇರಲಿಲ್ಲ. ಆದರೂ ನಮಗೆಲ್ಲ ಅವರು ಶಂಕರಣ್ಣನೇ.

1954ರ ನವೆಂಬರ್ 9ರಂದು ಉತ್ತರ ಕನ್ನಡದಲ್ಲಿ ಹುಟ್ಟಿದ ಶಂಕರ್, ಮುಂಬೈನಲ್ಲಿ ಬ್ಯಾಂಕ್ ಕೆಲಸ ಮಾಡ್ತಾ ಮರಾಠಿ ನಾಟಕಗಳಲ್ಲಿ ಪಳಗಿದರು. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮೂಲಕ ಕನ್ನಡ ಸಿನಿಮಾಕ್ಕೆ ಬಂದರು. 1980ರ 'ಆಟೋ ರಾಜ' ಅವರನ್ನ ಆಟೋ ಚಾಲಕರ ಮನೆಮಗನನ್ನಾಗಿ ಮಾಡಿತು. ಅದೇ ವರ್ಷ 'ಮಿಂಚಿನ ಓಟ' ನಿರ್ದೇಶಿಸಿದರು. ಮುಂದೆ ಅವರೇ ನಿರ್ದೇಶಿಸಿದ 'ಆಕ್ಸಿಡೆಂಟ್'ನಲ್ಲಿ, ಫುಟ್‌ಪಾತ್ ಮೇಲೆ ಮಲಗಿದ ಬಡವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತೆ.

1986ರಲ್ಲಿ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಬಂತು. ಆರ್.ಕೆ. ನಾರಾಯಣ್ ಕಲ್ಪನೆಯ ಊರು ಆಗುಂಬೆಯಲ್ಲಿ ನಿಜವಾಯಿತು. ನಾನು ಈ ಕಥೆಗಳನ್ನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಅಂತ ಮಾರ್ಕ್ಸ್‌ಗೋಸ್ಕರ ಓದಿದ್ದೆ. ಸೀರಿಯಲ್ ನೋಡಿದ ಮೇಲೇ ಅವು ಹೊಟ್ಟೆಪಾಡಿನ ಕಥೆಗಳೂ ಹೌದು ಅಂತ ಗೊತ್ತಾಗಿದ್ದು.

ಬ್ರಿಟಿಷರ ಕಾಲದ ಸ್ವಾಮಿ, ಶಾಲೆಯ ಬೆತ್ತದಿಂದ ತಪ್ಪಿಸಿಕೊಳ್ಳೋಕೆ ಓಡುತ್ತಾನೆ. ಕುರಿಮಂದೆ ಕರಗಿ ಎರಡು ಮೇಕೆ ಮಾತ್ರ ಉಳಿದಿರೋ ಮುನಿಗೆ, ಒಬ್ಬ ಅಮೆರಿಕನ್ ಊರಿನ ಮಣ್ಣಿನ ಕುದುರೆಗೆ ಅಂತ ನೂರು ರೂಪಾಯಿ ಕೊಡುತ್ತಾನೆ. ಮುನಿ ಮೇಕೆ ಮಾರಿದೆ ಅಂದುಕೊಳ್ಳುತ್ತಾನೆ. ಮಾತು ಅರ್ಥವಾಗದ ಈ ವ್ಯಾಪಾರಕ್ಕೆ ನಗ್ತೀವಿ, ಆದರೆ ಮುನಿಗೆ ಅದು ಊಟದ ಪ್ರಶ್ನೆ.

ನನ್ನನ್ನ ತುಂಬಾ ಕಾಡಿದ್ದು ಸಿದ್ದನ ಕಥೆ. ಪುಟ್ಟ ಲೀಲಾಳ ಚಿನ್ನದ ಸರ ಕಾಣೆಯಾದಾಗ ಮನೆಕೆಲಸದ ಸಿದ್ದನೇ ಕಳ್ಳ ಅಂತ ತೀರ್ಮಾನವಾಗುತ್ತೆ. ಸರ ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಕ್ಕ ಮೇಲೂ ಮನೆಯವರ ಮನಸ್ಸು ಬದಲಾಗಲ್ಲ, ಯಾಕಂದ್ರೆ ಅವನು ಹಿಂದೆ ಜೈಲಿಗೆ ಹೋಗಿದ್ದವನು. ನಮ್ಮ ಹಾಸ್ಟೆಲ್‌ನಲ್ಲಿ ಇಯರ್‌ಬಡ್ಸ್ ಕಾಣೆಯಾದ್ರೆ ನಾವು ಮೊದಲು ಯಾರ ಕಡೆ ನೋಡ್ತೀವಿ? ಹೋದ ಸೆಮಿಸ್ಟರ್ ನಾನೂ ರೂಮ್ ಗುಡಿಸೋ ಅಣ್ಣನ ಕಡೆನೇ ನೋಡಿದ್ದೆ. ಅದು ನನ್ನ ಬ್ಯಾಗ್‌ನಲ್ಲೇ ಇತ್ತು. ಅವರಿಗೆ ಇನ್ನೂ ಸಾರಿ ಹೇಳಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರ್ ತೀರಿಕೊಂಡರು. ವಯಸ್ಸು ಬರೀ 35. ಅವರ ನೆನಪಿಗೆ ಪತ್ನಿ ಅರುಂಧತಿ ನಾಗ್ ಕಟ್ಟಿದ 'ರಂಗಶಂಕರ' 2004ರಲ್ಲಿ ಬೆಂಗಳೂರಲ್ಲಿ ಬಾಗಿಲು ತೆರೆಯಿತು.

ಮಾಲ್ಗುಡಿ ಟ್ಯೂನ್ ನಮಗೆಲ್ಲ ಗೊತ್ತು. ಈ ಸಲ ಸಿದ್ದನ ಎಪಿಸೋಡ್ ಪೂರ್ತಿ ನೋಡಿ. ನಾನು ನಾಳೆ ಆ ಅಣ್ಣನ ಹತ್ರ ಮಾತಾಡ್ತೀನಿ.