ಹೆರ್ಮನ್ ಮೋಗ್ಲಿಂಗ್ ಮತ್ತು ಕೊಡಗಿನ ಕ್ರೈಸ್ತ ಸಭೆ

ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದವರೆಂದೂ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೆಂದೂ ಹೆರ್ಮನ್ ಮೋಗ್ಲಿಂಗ್ ಕನ್ನಡಿಗರಿಗೆ ಪರಿಚಿತರು. 'ಮಂಗಳೂರ ಸಮಾಚಾರ' ಪ್ರಕಟವಾದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ಆದರೆ ಅವರ ಭಾರತದ ಬದುಕಿನ ಕೊನೆಯ ಘಟ್ಟ, ಅಂದರೆ ಕೊಡಗಿನ ವರ್ಷಗಳು, ಸಾಹಿತ್ಯ ಚರಿತ್ರೆಗಳಲ್ಲಿ ಒಂದೆರಡು ವಾಕ್ಯಗಳಿಗೆ ಸೀಮಿತವಾಗಿವೆ. ಮತ ಬದಲಿಸಿದ ವ್ಯಕ್ತಿ ಯಾರಿಗೆ ಸೇರಿದವನು ಎಂಬ ಪ್ರಶ್ನೆ ಮೋಗ್ಲಿಂಗರನ್ನು ಅತ್ಯಂತ ತೀವ್ರವಾಗಿ ಎದುರಿಸಿದ್ದು ಕೊಡಗಿನಲ್ಲಿಯೇ. ಅಲ್ಲಿ ಅವರಿಗೆ ದೊರೆತ ಉತ್ತರಗಳು ಎರಡು. ಅವೆರಡೂ ಒಂದಕ್ಕೊಂದು ಹೊಂದುವಂಥವಲ್ಲ.

ಮೋಗ್ಲಿಂಗ್ 1811ರ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬಲ್ಲಿ ಜನಿಸಿದರು. ಟ್ಯುಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದಿ ಬಾಸೆಲ್ ಮಿಶನ್ ಸೇರಿದರು. ಮುಂದೆ ಮಲಯಾಳ ನಿಘಂಟುಕಾರರಾಗಿ ಹೆಸರಾದ ಹೆರ್ಮನ್ ಗುಂಡರ್ಟ್ ಅವರ ಆಪ್ತ ಗೆಳೆಯರು. ಬಾಸೆಲ್ ಮಿಶನಿನ ಪ್ರಥಮ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗ್ ಬಂದದ್ದು 1836ರ ಕೊನೆಯಲ್ಲಿ. ಇಪ್ಪತ್ತೈದರ ಹರೆಯದ ಆ ತರುಣ ಕನ್ನಡವನ್ನು ಉಪದೇಶಕ್ಕೆ ಬೇಕಾದಷ್ಟು ಮಾತ್ರ ಕಲಿತು ನಿಲ್ಲಲಿಲ್ಲವೆಂಬುದು ನಮ್ಮ ಭಾಷೆಯ ಭಾಗ್ಯ.

ವ್ಯುರ್ಟೆಂಬರ್ಗ್‌ನ ಧಾರ್ಮಿಕ ಹಿನ್ನೆಲೆಯನ್ನು ಇಲ್ಲಿ ಗಮನಿಸದಿದ್ದರೆ ಮುಂದಿನದು ಅರ್ಥವಾಗದು. ಅದು ಭಕ್ತಿನಿಷ್ಠ ಪ್ರೊಟೆಸ್ಟಂಟ್ ಪಂಥದ ನೆಲ. ಹುಟ್ಟಿನಿಂದ ಬಂದ ಕ್ರೈಸ್ತತ್ವ ಸಾಲದು, ಅಂತರಂಗದ ಪರಿವರ್ತನೆ ಹೊಂದಿದವರು ಲೋಕದ ನಡುವೆ ಇದ್ದೂ ಲೋಕದಿಂದ ಬೇರೆಯಾಗಿ ದೇವರ ಜನವಾಗಿ ಬಾಳಬೇಕು ಎಂಬುದು ಆ ಪಂಥದ ತಿರುಳು. ಆ ಸೀಮೆಯ ಕೋರ್ನ್‌ಟಾಲ್ ಎಂಬಲ್ಲಿ ಭಕ್ತರು 1819ರಲ್ಲಿ ರಾಜನ ಅನುಮತಿ ಪಡೆದು ತಮ್ಮದೇ ನಿಯಮಗಳ ಗ್ರಾಮವನ್ನು ಕಟ್ಟಿಕೊಂಡರು. ಅದರ ಸ್ಥಾಪಕ ಹಾಫ್‌ಮನ್ನರ ಮಗನೇ 1839ರಿಂದ 1850ರವರೆಗೆ ಬಾಸೆಲ್ ಮಿಶನಿನ ಮುಖ್ಯಸ್ಥ. ಹೀಗಾಗಿ ಬೇರೆಯಾಗಿ ನೆಲೆನಿಂತು ಬಾಳುವ ಕ್ರೈಸ್ತ ಗ್ರಾಮದ ಕಲ್ಪನೆ ಬಾಸೆಲ್ ಪಾದ್ರಿಗಳಿಗೆ ಭಾರತದಲ್ಲಿ ಹೊಳೆದದ್ದಲ್ಲ. ಅದು ಅವರೊಡನೆ ಹಡಗಿನಲ್ಲಿಯೇ ಬಂದಿತ್ತು.

ಹಾಗೆಂದು ಕನ್ನಡ ನಾಡಿಗೆ ಈ ಕಲ್ಪನೆ ಅಪರಿಚಿತವಾಗಿತ್ತೆನ್ನಲಾಗದು. ಭಕ್ತ ಮತ್ತು ಭವಿ ಎಂಬ ವಿಂಗಡಣೆಯನ್ನು, ದೀಕ್ಷೆಯಿಂದ ಹೊಸ ಹುಟ್ಟು ಪಡೆಯುವ ನಂಬಿಕೆಯನ್ನು ವೀರಶೈವವು ಶತಮಾನಗಳಷ್ಟು ಹಿಂದೆಯೇ ರೂಢಿಸಿತ್ತು. ಆ ಪರಂಪರೆಯ ಬಸವಪುರಾಣವನ್ನು ಅಚ್ಚಿಗೆ ತಂದವರಲ್ಲಿ ಮೋಗ್ಲಿಂಗರೇ ಮೊದಲಿಗರೆಂಬುದು ಕಾಕತಾಳೀಯವಾದರೂ ಅರ್ಥಪೂರ್ಣ.

ಮಂಗಳೂರಿನಲ್ಲಿ ಮೋಗ್ಲಿಂಗರ ಮುಖ್ಯ ಹೊಣೆ ಬಲ್ಮಠದ ಶಾಲೆ ಮತ್ತು ಉಪದೇಶಿಗಳ ತರಬೇತಿಯಾಗಿತ್ತು. ಬಲ್ಮಠದ ನೆಲವನ್ನು 1840ರಲ್ಲಿ ಕಲೆಕ್ಟರ್ ಬ್ಲೇರ್ ಮಿಶನಿಗೆ ಕೊಟ್ಟಿದ್ದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಬಂದಿತು. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡಿತು. ಅದೇ 1844ರ ಜನವರಿಯಲ್ಲಿ ನಡೆದ ಘಟನೆ ಪತ್ರಿಕೆಗಿಂತಲೂ ದೊಡ್ಡ ಕೋಲಾಹಲ ಎಬ್ಬಿಸಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಆದನು. ಮನೆ, ಬಂಧುಗಳು, ಜಾತಿ ಒಂದೇ ದಿನದಲ್ಲಿ ದೂರವಾದವು. ಕೈಹಿಡಿದ ಪತ್ನಿ ಅವನೊಡನೆ ಬಾಳಲು ಬರಲಿಲ್ಲ. ಅವಳ ದೃಷ್ಟಿಯಿಂದ ಈ ಕಥೆಯನ್ನು ಯಾವ ಮಿಶನ್ ವರದಿಯೂ ಹೇಳುವುದಿಲ್ಲ. ಮೋಗ್ಲಿಂಗ್ ಆನಂದರಾಯನನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ 1846ರಿಂದ 1851ರವರೆಗೆ ಓದಿ, ದೀಕ್ಷಿತ ಪಾದ್ರಿಯಾಗಿ ಅವನು ಮಂಗಳೂರಿಗೆ ಮರಳಿದನು.

ಬಹಿಷ್ಕಾರ ಎಂದರೆ ಬರಿಯ ಮನೋವೇದನೆಯಲ್ಲ. ಅದು ಅನ್ನದ ಪ್ರಶ್ನೆ. ಸಭೆ ಸೇರಿದವನಿಗೆ ಊರಿನ ಬಾವಿಯಿಲ್ಲ, ಗೇಣಿಗೆ ಗದ್ದೆಯಿಲ್ಲ, ಕುಲಕಸುಬಿಲ್ಲ. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ವ್ಯವಸ್ಥಿತ ಉದ್ಯಮವಾಗಿ ಬೆಳೆಸಿದ್ದೂ 1865ರಲ್ಲಿ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ತೆರೆದದ್ದೂ ಈ ಕಾರಣದಿಂದಲೇ. ತಮಿಳು ನಾಡಿನ ಲೈಪ್‌ಝಿಗ್ ಮಿಶನ್ ಸಭೆಯೊಳಗೆ ಜಾತಿಭೇದವನ್ನು ಸಹಿಸಿಕೊಂಡಂತೆ ಬಾಸೆಲಿನವರು ಸಹಿಸಲಿಲ್ಲ. ಜಾತಿಯನ್ನು ಬಿಡದವನು ಸಭೆಯವನಲ್ಲ ಎಂಬುದು ಅವರ ನಿಲುವು. ಪರಿಣಾಮವಾಗಿ ಕ್ರೈಸ್ತನಾದವನು ಹಳೆಯ ಸಮಾಜದಿಂದ ಪೂರ್ತಿಯಾಗಿ ಕಳಚಿಕೊಂಡು ಮಿಶನಿನ ಆವರಣದೊಳಗೆ ಬಂದು ಸೇರುತ್ತಿದ್ದನು. ದೇವರಿಗಾಗಿ ಪ್ರತ್ಯೇಕಿಸಲ್ಪಟ್ಟವರು ವ್ಯವಹಾರದಲ್ಲಿ ಮಿಶನಿನ ಆಶ್ರಿತರಾದರು.

1848ರಿಂದ 1853ರ ನಡುವೆ 'ಬಿಬ್ಲಿಯೋತಿಕಾ ಕರ್ನಾಟಿಕಾ' ಮಾಲೆ ಹೊರಬಂದಿತು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅವರ ಧನಸಹಾಯ, ಸೋದರಸಂಬಂಧಿ ಗಾಟ್‌ಫ್ರೀಡ್ ವೀಗ್ಲೆಯವರ ಸಹಕಾರ ಅದಕ್ಕಿತ್ತು. ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ಕುಮಾರವ್ಯಾಸನ ಭಾರತದ ಭಾಗ, ದಾಸರ ಪದಗಳು ಮುದ್ರಣ ಕಂಡವು. ಈ ಸಾಧನೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ.

ಅಷ್ಟರಲ್ಲಿ ಮಿಶನಿನ ಆಡಳಿತ ಬದಲಾಗಿತ್ತು. ಹೊಸ ಮುಖ್ಯಸ್ಥ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಎಲ್ಲ ಠಾಣೆಗಳನ್ನೂ ಕಟ್ಟುನಿಟ್ಟಿನ ನಿಯಮಗಳಿಗೆ ಒಳಪಡಿಸಿದರು. ಮೋಗ್ಲಿಂಗರ ಸ್ವತಂತ್ರ ಪ್ರವೃತ್ತಿಗೆ ಅದು ಒಗ್ಗುವಂಥದ್ದಾಗಿರಲಿಲ್ಲ. ಅವರು ಭಾರತವನ್ನು ಬಿಡುವ ಸಿದ್ಧತೆಯಲ್ಲಿದ್ದರು. ಆಗ ಮಂಗಳೂರಿಗೆ ಒಬ್ಬ ಕೊಡಗಿನವನು ಬಂದನು. ಅಲ್ಮಂಡ ಮನೆತನದ ಸೋಮಯ್ಯ ಆತನ ಹೆಸರು. ಸನ್ಯಾಸಿಯಾಗಿ ಅಲೆದವನು, ದೀಕ್ಷಾಸ್ನಾನ ಬೇಡಿ ಬಂದಿದ್ದನು. ಅವನ ಬೆನ್ನಿಗೆ ಮೋಗ್ಲಿಂಗ್ ಘಟ್ಟ ಹತ್ತಿದರು. 1853ರಲ್ಲಿ ಕೊಡಗಿನ ಮಿಶನ್ ಆರಂಭವಾದದ್ದು ಹೀಗೆ: ಬಾಸೆಲಿನ ಆಜ್ಞೆಯಿಂದಲ್ಲ, ಅವರ ವೈಯಕ್ತಿಕ ಸಾಹಸದಿಂದ. ಮಿಶನ್ ಅದನ್ನು ತನ್ನದಾಗಿ ಸ್ವೀಕರಿಸಿದ್ದು ಕೆಲವು ವರ್ಷಗಳ ಬಳಿಕ.

ಕೊಡಗಿಗೆ ಕ್ರೈಸ್ತಮತ ಹೊಸತಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕೆಥೊಲಿಕರಿಗೆ ದೊಡ್ಡವೀರರಾಜೇಂದ್ರನು 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದನು. ಆದರೆ ಅವರು ಹೊರಗಿನಿಂದ ಬಂದು ಪಕ್ಕದಲ್ಲಿ ನೆಲೆಸಿದವರು. ಅವರಿಂದ ಕೊಡವ ಸಮಾಜದ ವ್ಯವಸ್ಥೆಗೆ ಯಾವ ಬಾಧೆಯೂ ಇರಲಿಲ್ಲ. ಹಾಲೇರಿ ಅರಸರು ಸ್ವತಃ ಲಿಂಗವಂತರಾಗಿದ್ದರೂ ಪ್ರಜೆಗಳಾದ ಕೊಡವರು ತಮ್ಮ ಕಾರಣರ ಆರಾಧನೆಯಲ್ಲಿಯೇ ಉಳಿದರು. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ದೇಶ ಕಂಪನಿಯ ವಶವಾದ ಮೇಲೂ ಈ ಕಟ್ಟು ಸಡಿಲಾಗಿರಲಿಲ್ಲ. ಒಂದು ಮನೆಯ ಕೊಡವನೇ ಮತ ಬದಲಿಸುವುದು ಬೇರೆಯದೇ ಸಂಗತಿ.

ಕಾರಣ, ಕೊಡವನು ಒಕ್ಕದವನು. ಐನ್‌ಮನೆ ಒಕ್ಕದ್ದು; ಕಾರಣರಿಗೆ ಮೀಸಲಾದ ಕೈಮಡ ಒಕ್ಕದ್ದು; ಜಮ್ಮಾ ಭೂಮಿಯೂ ಒಕ್ಕದ್ದೇ. ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಬಂದ, ಕಡಿಮೆ ಕಂದಾಯದ, ಪರಭಾರೆ ಮಾಡಲಾಗದ ಆ ಭೂಮಿಯನ್ನು ಪಾಲು ಮಾಡಿ ಒಬ್ಬನಿಗೆ ಕೊಡುವ ಪದ್ಧತಿಯಿರಲಿಲ್ಲ. ಕಾರಣನಿಗೆ ಎಡೆಯಿಡದವನು ಪುತ್ತರಿಯ ಕದಿರಿನಲ್ಲಿ ಪಾಲುಗಾರನಾಗುವುದು ಹೇಗೆ? ಊರ ಮಂದಿನಲ್ಲಿ ಕುಣಿಯುವುದು ಹೇಗೆ? ಮತಾಂತರದಿಂದ ಆಸ್ತಿಹಕ್ಕು ನಷ್ಟವಾಗದೆಂದು ಕಂಪನಿ ಸರಕಾರದ 1850ರ ಕಾಯಿದೆ ಹೇಳಿತ್ತು. ಆದರೆ ಕಾಯಿದೆ ಕಾಯುವುದು ವ್ಯಕ್ತಿಯ ಹಕ್ಕನ್ನು. ಇಲ್ಲಿ ಇದ್ದದ್ದು ಮನೆತನದ ಬಾಳು.

ಸೋಮಯ್ಯನಿಗೆ ಮೋಗ್ಲಿಂಗ್ ಇಟ್ಟ ಹೆಸರು ಸ್ತೆಫನಸ್. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅಖಾಯ ದೇಶದ ಪ್ರಥಮ ಫಲವೆಂದು ಕರೆದಿರುವುದು ಸ್ತೆಫನನ ಮನೆಯವರನ್ನು. ಒಬ್ಬ ವ್ಯಕ್ತಿಯಲ್ಲ, ಒಂದು ಮನೆ, ಆ ಮೂಲಕ ಒಂದು ದೇಶ ಎಂಬ ನಿರೀಕ್ಷೆ ಆ ಹೆಸರಿನಲ್ಲಿಯೇ ಅಡಗಿದೆ. ಮಂಗಳೂರಿನಲ್ಲಿ ಆನಂದರಾಯನನ್ನು ಮನೆಯಿಂದ ಬಿಡಿಸಿ ತಂದಿದ್ದ ಮೋಗ್ಲಿಂಗ್ ಇಲ್ಲಿ ತದ್ವಿರುದ್ಧ ದಾರಿ ಹಿಡಿದರು. ಸ್ತೆಫನಸ್ ತನ್ನ ನೆಲದಲ್ಲಿಯೇ, ಕೊಡವನಾಗಿಯೇ ಇದ್ದು ಕ್ರೈಸ್ತನಾಗಬೇಕು. ಪಾದ್ರಿಯೇ ಅವನ ಬಳಿಗೆ ಹೋಗಿ ನಿಲ್ಲಬೇಕು. ಮೋಗ್ಲಿಂಗರ ಇಡೀ ಸೇವೆಯಲ್ಲಿ ಇದಕ್ಕಿಂತ ದಿಟ್ಟವಾದ ಚಿಂತನೆ ಇನ್ನೊಂದಿಲ್ಲವೆನ್ನಬಹುದು. ಕೊಡವರು ಅದನ್ನು ಒಪ್ಪಲಿಲ್ಲ. ಸ್ತೆಫನಸನ ಹಿಂದೆ ಮನೆಗಳು ಸಾಲುಗಟ್ಟಿ ಬರಲಿಲ್ಲ. ಕೊಡವರಲ್ಲಿ ಕ್ರೈಸ್ತಮತ ಒಂದು ಚಳವಳಿಯಾಗಿ ಎಂದೂ ಬೆಳೆಯಲಿಲ್ಲ. ಶಾಲೆಯನ್ನು ಮಾತ್ರ ಅವರು ಮನಸಾರೆ ಸ್ವಾಗತಿಸಿದರು. ಮಡಿಕೇರಿಯ ಶಾಲೆಯನ್ನು ನೋಡಿಕೊಂಡ ಗಿಯಾರ್ಗ್ ರಿಕ್ಟರ್ ಮುಂದೆ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದರು.

ಎರಡನೆಯ ಉತ್ತರ ಗದ್ದೆಯ ಇನ್ನೊಂದು ಬದಿಯಿಂದ ಬಂದಿತು. ಜಮ್ಮಾ ಭೂಮಿಯನ್ನು ಉತ್ತು ಬಿತ್ತಿದವರು ಹೊಲೆಯ ಸಮುದಾಯದ ಜೀತದಾಳುಗಳು. ಅವರಲ್ಲಿ ಕೆಲವರು ಭೂಮಿಯೊಡನೆ, ಕೆಲವರು ಒಡೆಯನ ಮನೆಯೊಡನೆ ಕಟ್ಟುಬಿದ್ದವರು. 1843ರ ಕಾಯಿದೆಯಿಂದ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿದ್ದರೂ ಸಾಲದ, ರೂಢಿಯ ಸಂಕೋಲೆ ಹಾಗೆಯೇ ಇತ್ತು. ಈ ಜನ ಸಭೆಯತ್ತ ಬಂದಾಗ ಅವರವರ ನೆಲದಲ್ಲಿಯೇ ಕ್ರೈಸ್ತರಾಗಿರಿ ಎಂಬ ಮಾತಿಗೆ ಅರ್ಥವೇ ಇರಲಿಲ್ಲ, ಏಕೆಂದರೆ ಅವರದೆನ್ನುವ ನೆಲವೇ ಇರಲಿಲ್ಲ. ಒಡೆಯನ ಗದ್ದೆಯಲ್ಲಿ ಉಳಿದರೆ ಒಡೆಯನ ದೈವಕ್ಕೂ ದುಡಿಯಬೇಕು. ಅವರಿಗೆ ಬೇಕಾದದ್ದು ಬೇರೆ ನೆಲೆ.

ಹೀಗೆ ದಕ್ಷಿಣ ಕೊಡಗಿನ ಸಿದ್ಧಾಪುರದ ಕಡೆಯ ಕಾಡುಪ್ರದೇಶದಲ್ಲಿ ಆನಂದಪುರ ಎಂಬ ಗ್ರಾಮ ತಲೆಯೆತ್ತಿತು. ಆನಂದರಾವ್ ಕೌಂಡಿನ್ಯರ ನೆರವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ಬ್ರಾಹ್ಮಣ್ಯವನ್ನು ತೊರೆದವನು ಮತ್ತು ಅಸ್ಪೃಶ್ಯತೆಯಿಂದ ಹೊರಬರಲು ಬಯಸಿದವರು ಒಂದೇ ಸಭೆಯಲ್ಲಿ ಕುಳಿತರು. 1854ರಲ್ಲಿ ಫೌಲರ್ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ ಮೇಲೆ ಕೊಡಗಿನ ಕಾಡುಗಳಿಗೆ ಹೊಸ ಬೆಲೆ ಬಂದಿತ್ತು. ಆನಂದಪುರದ ಬದುಕೂ ಕಾಫಿಯನ್ನೇ ನೆಚ್ಚಿತು. ಜೀತದಿಂದ ಬಿಡುಗಡೆ, ಸ್ವಂತ ಗುಡಿಸಲು, ಅಕ್ಷರ, ಭಾನುವಾರದ ವಿರಾಮ ಇವು ಒಂದು ಪಕ್ಕದಲ್ಲಿ. ಪಾದ್ರಿಯ ಮೇಲ್ವಿಚಾರಣೆ, ಸಭೆಯ ಕಟ್ಟಳೆ, ತೋಟದ ದುಡಿಮೆ ಇನ್ನೊಂದು ಪಕ್ಕದಲ್ಲಿ. ಒಡೆಯ ಬದಲಾದ, ಒಡೆತನ ಉಳಿಯಿತು ಎಂದು ವಾದಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆಯಾದರೂ ಮಾರಾಟಕ್ಕೊಳಗಾಗಬಹುದಾಗಿದ್ದ ಮನುಷ್ಯನಿಗೆ ಈ ವ್ಯತ್ಯಾಸ ಅಲ್ಪವಾಗಿ ಕಂಡಿರಲಾರದು. ಬ್ರಾಕೆನ್‌ಹೈಮಿನ ಭಕ್ತನಿಗೆ ಬೇರೆಯಾಗಿ ಬಾಳುವುದು ತ್ಯಾಗ. ಆನಂದಪುರದವನಿಗೆ ಅದು ಬಿಡುಗಡೆ. ಮೋಗ್ಲಿಂಗ್ ಈ ಅಂತರವನ್ನು ತತ್ತ್ವವಾಗಿ ಮಂಡಿಸಲಿಲ್ಲ, ಆದರೆ ಅದಕ್ಕೆ ತಕ್ಕಂತೆ ನಡೆದರು.

ಈ ನಡುವೆ ಬರವಣಿಗೆಯೂ ನಿಲ್ಲಲಿಲ್ಲ. ಕೊಡಗಿನ ಚರಿತ್ರೆ, ಜನಜೀವನ ಮತ್ತು ಮಿಶನಿನ ವೃತ್ತಾಂತವನ್ನು ಒಳಗೊಂಡ ಇಂಗ್ಲಿಷ್ ಗ್ರಂಥ 'ಕೂರ್ಗ್ ಮೆಮಾಯಿರ್ಸ್' 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ದೊಡ್ಡವೀರರಾಜೇಂದ್ರನ ಅಪ್ಪಣೆಯಿಂದ ರಚಿತವಾದ 'ರಾಜೇಂದ್ರನಾಮೆ'ಯನ್ನು 1857ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿದರು. ಕೊಡವರ ಆಚರಣೆಗಳನ್ನು ಮೂಢನಂಬಿಕೆಯೆಂದು ಖಂಡಿಸುತ್ತಲೇ ಅವುಗಳನ್ನು ಅವರು ವಿವರವಾಗಿ ದಾಖಲಿಸಿದರು. ಖಂಡನೆಯನ್ನು ಕಾಲ ಬದಿಗಿಟ್ಟಿತು. ಇಂದಿನ ಸಂಶೋಧಕರು ಹುಡುಕಿಕೊಂಡು ಹೋಗುವುದು ಆ ದಾಖಲೆಯನ್ನು. 1858ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯ ಕನ್ನಡದ ಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಿಟೆಲರಿಗೆ ಅದೇ ವಿಶ್ವವಿದ್ಯಾಲಯದಿಂದ ಅದೇ ಗೌರವ ಸಂದದ್ದು ಸುಮಾರು ನಾಲ್ಕು ದಶಕಗಳ ಬಳಿಕ.

1855ರಲ್ಲಿ ವೀಗ್ಲೆ ತೀರಿಕೊಂಡರು. ಅವರ ಪತ್ನಿ ಪೌಲಿನಾ ನಾಲ್ಕು ಮಕ್ಕಳೊಡನೆ ಉಳಿದರು. ಮೋಗ್ಲಿಂಗ್ ಅವರನ್ನು ವಿವಾಹವಾಗಿ ಆ ಮಕ್ಕಳಿಗೆ ತಂದೆಯಾದರು. ಪೌಲಿನಾ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಅವರ ಅನಾರೋಗ್ಯದ ಕಾರಣ 1860ರಲ್ಲಿ ಕುಟುಂಬ ಜರ್ಮನಿಗೆ ಹೊರಟಿತು. ಮರಳಿ ಬರುವ ಆಸೆ ಮೋಗ್ಲಿಂಗರಿಗಿತ್ತು, ಅದು ಈಡೇರಲಿಲ್ಲ. ಆನಂದಪುರವನ್ನು ಅವರು ಮತ್ತೆ ಕಾಣಲಿಲ್ಲ. 1866ರಲ್ಲಿ ವೈಟ್‌ಬ್ರೆಖ್ಟರೊಡನೆ ಸೇರಿ ಕೊಡಗು ಮತ್ತು ಅಲ್ಲಿಯ ಮಿಶನನ್ನು ಕುರಿತ ಜರ್ಮನ್ ಗ್ರಂಥವನ್ನು ಬಾಸೆಲ್‌ನಲ್ಲಿ ಪ್ರಕಟಿಸಿದರು.

1881ರ ಮೇ 10ರಂದು ಎಸ್‌ಲಿಂಗೆನ್‌ನಲ್ಲಿ ಅವರು ನಿಧನರಾದರು. ಮರುವರ್ಷ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಬರೆದರು. ಅವರ ಹೆಸರನ್ನು ಹೊತ್ತು ಅವರಿಗಾಗಿ ಮನೆಯನ್ನು ತೊರೆದ ಹೆರ್ಮನ್ ಆನಂದರಾವ್ ಕೌಂಡಿನ್ಯರು ಗುರುವಿನ ನಂತರವೂ ಹನ್ನೆರಡು ವರ್ಷ ಬದುಕಿ, 1893ರಲ್ಲಿ ತೀರಿಕೊಂಡರು.