ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ನಮ್ಮ ರುದ್ರಪಟ್ಟಣದ ಬದಿಯಲ್ಲಿ ಹರಿಯುವ ಕಾವೇರಿ ರಾಮನಾಥಪುರ, ಚುಂಚನಕಟ್ಟೆಗಳನ್ನು ದಾಟಿ ಕನ್ನಂಬಾಡಿ ಕಟ್ಟೆಯನ್ನು ಸೇರುತ್ತದೆ. ಹೊಳೆನರಸೀಪುರದ ಹೇಮಾವತಿಯೂ ಅಲ್ಲಿಗೇ ಬರುತ್ತದೆ. ಕಟ್ಟೆ ಎಂದೊಡನೆ ಸರ್ ಎಂ. ವಿಶ್ವೇಶ್ವರಯ್ಯನವರು ಎಲ್ಲರಿಗೂ ನೆನಪಾಗುತ್ತಾರೆ. ಆ ನೀರು ಮಂಡ್ಯದ ಹೊಲಗಳಿಗೆ ಹರಿದು ಕಬ್ಬಾಗಿ, ಸಕ್ಕರೆಯಾದ ಕಾಲದ ದಿವಾನರನ್ನು ನೆನೆಯುವವರು ಕಡಿಮೆ. ಅವರೇ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ತಾತ ಅಲಿ ಅಸ್ಕರ್ ಇರಾನಿನಿಂದ ಬಂದು ಇಲ್ಲಿ ಕುದುರೆ ವ್ಯಾಪಾರ ಮಾಡುತ್ತಿದ್ದವರು. ಬಾಲಕ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದಿದರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು ಪೊಲೀಸ್ ಇಲಾಖೆಗೆ ಸೇರಿದರು. ಮುಂದೆ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು.

ಮೂರು ವರ್ಷಗಳಲ್ಲೇ ಜಗತ್ತನ್ನು ಆರ್ಥಿಕ ಕುಸಿತ ಆವರಿಸಿತು. ದವಸಧಾನ್ಯದ ಬೆಲೆ ಬಿದ್ದು ರೈತರು ಕಂಗಾಲಾದರು. ಮಿರ್ಜಾ ಕೈಕಟ್ಟಿ ಕೂರಲಿಲ್ಲ. ಹುಲಿಕೆರೆಯ ಸುರಂಗದ ಮೂಲಕ ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಹರಿಯಿತು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ಬೆಳೆದ ಕಬ್ಬಿಗೆ ಗಿರಾಕಿ ಬೇಕಲ್ಲವೇ? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯವೇ ಪ್ರತ್ಯೇಕ ಜಿಲ್ಲೆಯಾಯಿತು. ಭದ್ರಾವತಿಯಲ್ಲಿ ಕಾಗದ ಮತ್ತು ಸಿಮೆಂಟ್, ಬೆಂಗಳೂರಿನಲ್ಲಿ ವಿದ್ಯುತ್ ಬಲ್ಬು ಮತ್ತು ಪಿಂಗಾಣಿ ಕಾರ್ಖಾನೆಗಳು ಬಂದವು. ಸರ್ಕಾರ ಒಂದಷ್ಟು ಷೇರು ಹಾಕಿ, ಉಳಿದದ್ದನ್ನು ಜನರಿಂದ ಕೂಡಿಸುವುದು ಅವರ ಕ್ರಮವಾಗಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದಾಗಲೂ ಮೈಸೂರು ಸರ್ಕಾರ ಪಾಲುದಾರನಾಯಿತು.

ಅವರ ದಾರಿ ಸುಗಮವಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಗಣಪತಿ ಪ್ರಕರಣದಲ್ಲಿ ಗಲಭೆಯಾದಾಗ ಅವರ ಧರ್ಮವನ್ನೇ ಎತ್ತಿ ಆಡಿದವರಿದ್ದರು. ವಿಚಾರಣೆಯ ಹೊಣೆಯನ್ನು ವಿಶ್ವೇಶ್ವರಯ್ಯನವರ ಸಮಿತಿಗೆ ಒಪ್ಪಿಸಲಾಯಿತು. ಜವಾಬ್ದಾರಿ ಸರ್ಕಾರ ಬೇಕೆಂಬ ಜನರ ಬೇಡಿಕೆಗೆ ಮಾತ್ರ ಮಿರ್ಜಾ ಬೇಗ ಮಣಿಯಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಅವರ ಆಡಳಿತಕ್ಕೆ ಅಂಟಿದ ಕಲೆ ಇದು. ಅನಂತರ ಸರ್ದಾರ್ ಪಟೇಲರೊಡನೆ ಒಪ್ಪಂದವಾಗಿ, ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ದೊರೆಯಿತು.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. ಬಳಿಕ ಜೈಪುರದ ಪ್ರಧಾನಿಯಾದರು. ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರ ಹೆಸರಿದೆ. 1946ರಲ್ಲಿ ಹೈದರಾಬಾದಿನ ಪ್ರಧಾನಿ ಪದವಿ ಒಲಿಯಿತು. ಭಾರತದೊಡನೆ ಮಾತುಕತೆಯಲ್ಲಿ ಸೌಹಾರ್ದದಿಂದ ಹೋಗುವುದೇ ಲೇಸೆಂಬುದು ಅವರ ನಿಲುವು. ಇತ್ತೆಹಾದ್ ಪಕ್ಷದವರು ಅದನ್ನು ಕಟುವಾಗಿ ವಿರೋಧಿಸಿದರು. ಒಂದು ವರ್ಷ ತುಂಬುವ ಮೊದಲೇ ಅವರು ಆ ಪದವಿಯನ್ನು ಬಿಟ್ಟು ಬಂದರು. ಮರುವರ್ಷ ಹೈದರಾಬಾದಿನಲ್ಲಿ ಏನಾಯಿತೆಂಬುದು ಇತಿಹಾಸ ಓದಿದವರಿಗೆ ಗೊತ್ತು.

1959ರ ಜನವರಿ 5ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಒಮ್ಮೆ ಹಿಂದೂಗಳಲ್ಲಿ ಕೆಲವರು, ಇನ್ನೊಮ್ಮೆ ಮುಸ್ಲಿಮರಲ್ಲಿ ಕೆಲವರು ಅವರನ್ನು ಪರಕೀಯರಂತೆ ಕಂಡರು. ಅವರು ಮಾತ್ರ ನಾಡಿನ ಕೆಲಸವನ್ನು ತನ್ನದೆಂದೇ ಮಾಡಿದರು. ಆ ಕೆಲಸದ ಫಲವನ್ನು ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಇಂದಿಗೂ ಕಾಣಬಹುದು.